ಯಾವ ಹೊತ್ತಿಗೆ ಯಾವ ಪೈಪ್ ತಂಬಾಕು

"ಒಳ್ಳೆಯ ಪೈಪ್ ತಂಬಾಕು ಯಾವುದು?" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಯಾವ ಹೊತ್ತಿನಲ್ಲಿ ಸೇದುತ್ತೀರಿ? ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಇಪ್ಪತ್ತು ನಿಮಿಷ ಸಿಗುತ್ತದಾ? ಮಧ್ಯಾಹ್ನ ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಂಡೇ ಪೈಪು ಹಚ್ಚುತ್ತೀರಾ? ಇಲ್ಲ, ರಾತ್ರಿ ಊಟ ಮುಗಿದ ಮೇಲೆ ಒಂದು ಗಂಟೆ ಸುಮ್ನೆ ಕೂರುತ್ತೀರಾ? ಈ ಮೂರೂ ಹೊತ್ತಿಗೆ ಒಂದೇ ಡಬ್ಬಿ ಹೊಂದುವುದಿಲ್ಲ. ಎಲ್ಲರೂ ಹೊಗಳಿದ ಮಿಶ್ರಣ ತಂದು, "ನನಗ್ಯಾಕೋ ಹಿಡಿಸಲಿಲ್ಲ" ಎಂದು ಮೂಲೆಗೆ ತಳ್ಳಿದವರನ್ನು ತುಂಬಾ ನೋಡಿದ್ದೇನೆ. ಎಷ್ಟೋ ಸಲ ತಂಬಾಕು ಚೆನ್ನಾಗಿಯೇ ಇರುತ್ತದೆ, ಹೊತ್ತು ತಪ್ಪಿರುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಇದು ಈಗಾಗಲೇ ಪೈಪು ಸೇದುವ ದೊಡ್ಡವರಿಗೆ ಬರೆದದ್ದು. ಸೇದದವರು ಇದನ್ನು ಓದಿ ಶುರು ಮಾಡಬೇಡಿ. ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಇಟ್ಟು ಬಿಡುತ್ತೇವೆ. ಆದರೂ ಬಾಯಿ, ನಾಲಿಗೆ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಶ್ವಾಸಕೋಶಕ್ಕೂ ಇದೆ. ನಿಕೋಟಿನ್ ಚಟ ಹತ್ತಿಸುತ್ತದೆ. ಹಗುರ ಅನ್ನಿಸಿಕೊಂಡ ಮಿಶ್ರಣಕ್ಕೂ ಇದರಿಂದ ವಿನಾಯಿತಿ ಇಲ್ಲ. ಮಕ್ಕಳಿರುವ ಕೋಣೆಯಲ್ಲಿ, ಬಾಗಿಲು ಹಾಕಿದ ಮನೆಯೊಳಗೆ ಸೇದಲೇಬಾರದು. ನಾನು ದಿನಕ್ಕೆ ಒಂದು ಪೈಪಿಗೆ ಇಳಿದಿದ್ದೇನೆ, ಎಷ್ಟೋ ದಿನ ಅದೂ ಇಲ್ಲ. ಒಂದೇ ಆದ್ದರಿಂದ ಅದು ಸರಿಯಾದದ್ದೇ ಆಗಲಿ ಎಂಬ ಆಸೆ ಜಾಸ್ತಿ.

ವರ್ಜೀನಿಯಾ ಅಥವಾ ಬರ್ಲಿ

ಪೈಪ್ ಮಿಶ್ರಣಗಳಲ್ಲಿ ಹೆಚ್ಚಿನವು ಈ ಎರಡು ಎಲೆಗಳ ಮೇಲೆ ನಿಂತಿವೆ. ಇವುಗಳ ವ್ಯತ್ಯಾಸ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ವ್ಯತ್ಯಾಸ ಇರುವುದು ಸಕ್ಕರೆಯಲ್ಲಿ. ವರ್ಜೀನಿಯಾ ಎಲೆಯನ್ನು ಬಿಸಿಗಾಳಿಯ ಕೊಟ್ಟಿಗೆಯಲ್ಲಿ ಒಣಗಿಸುತ್ತಾರೆ. ಎಲೆ ಹಳದಿಯಾಗುವಾಗ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆಗ ಶಾಖ ಏರಿಸಿದರೆ ಎಲೆ ಬೇಗ ಒಣಗಿ ಆ ಸಕ್ಕರೆ ಹಾಗೆಯೇ ಉಳಿಯುತ್ತದೆ. ಬರ್ಲಿಯನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ನೇತುಹಾಕುತ್ತಾರೆ. ಅದು ನಿಧಾನಕ್ಕೆ ಒಣಗುತ್ತದೆ. ಒಣಗುವಷ್ಟರಲ್ಲಿ ತನ್ನ ಸಕ್ಕರೆಯನ್ನು ತಾನೇ ಖರ್ಚು ಮಾಡಿಕೊಂಡಿರುತ್ತದೆ. ಅದಕ್ಕೇ ವರ್ಜೀನಿಯಾ ಸಿಹಿ, ಬರ್ಲಿ ಒಣ.

ಹಳದಿ ವರ್ಜೀನಿಯಾದ ಹಿಂದೆ ಒಂದು ಹಳೆಯ ಕಥೆ ಇದೆ. 1839ರಲ್ಲಿ ಅಮೆರಿಕದ ಉತ್ತರ ಕೆರೊಲೈನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಸ್ಟೀಫನ್ ಎಂಬ ಗುಲಾಮ ಯುವಕ ಎಲೆ ಒಣಗಿಸುವ ಬೆಂಕಿ ಕಾಯುತ್ತಿದ್ದ. ರಾತ್ರಿ ನಿದ್ದೆ ಹತ್ತಿತು, ಬೆಂಕಿ ಆರುತ್ತಾ ಬಂತು. ಗಾಬರಿಯಲ್ಲಿ ಕುಲುಮೆಯ ಇದ್ದಿಲು ತಂದು ಸುರಿದ. ಶಾಖ ಒಮ್ಮೆಲೇ ಏರಿ ಎಲೆಗಳು ಹೊಳೆಯುವ ಹಳದಿಗೆ ತಿರುಗಿದವು. ಜಮೀನಿನ ಒಡೆಯ ಅಬಿಷಾ ಸ್ಲೇಡ್ ಅದೇ ವಿಧಾನವನ್ನು ಮುಂದುವರಿಸಿ ಹೆಸರು ಮಾಡಿದ. ತಂಬಾಕಿನ ಚರಿತ್ರೆಯಲ್ಲಿ ದುಡಿದವರ ಹೆಸರು ಉಳಿದದ್ದು ಕಡಿಮೆ. ಆದ್ದರಿಂದ ಸ್ಟೀಫನ್ ಹೆಸರನ್ನು ಇಲ್ಲಿ ಹೇಳಲೇಬೇಕು ಅನ್ನಿಸಿತು.

ಈಗ ಬಾಯಿಗೆ ಬರೋಣ. ಹಳದಿ ವರ್ಜೀನಿಯಾ ಒಣಹುಲ್ಲಿನ ವಾಸನೆ, ಸ್ವಲ್ಪ ನಿಂಬೆಯ ಚುರುಕು. ಕೆಂಪು ವರ್ಜೀನಿಯಾ ಇನ್ನೂ ದಪ್ಪ, ಆಗ ತಾನೇ ಸುಟ್ಟ ಬ್ರೆಡ್ಡಿನ ಹಾಗೆ. ಆವಿಯಲ್ಲಿ ಬೇಯಿಸಿ ಕಪ್ಪಾಗಿಸಿದ ವರ್ಜೀನಿಯಾ ಒಣದ್ರಾಕ್ಷಿ, ಅಂಜೂರ ನೆನಪಿಸುತ್ತದೆ. ಬರ್ಲಿಯಲ್ಲಿ ಹುರಿದ ಬೀಜದ ರುಚಿ, ಸ್ವಲ್ಪ ಕೋಕೋ. ಅಷ್ಟೇ. ಅದರಲ್ಲಿ ಏರಿಳಿತ ಕಡಿಮೆ.

ಆ ಏರಿಳಿತ ಕಡಿಮೆ ಇರುವುದೇ ಬರ್ಲಿಯ ದೊಡ್ಡ ಗುಣ. ಬರೆಯುವಾಗ, ತೋಟದಲ್ಲಿ ಏನೋ ಮಾಡುವಾಗ, ಪೈಪನ್ನು ಮರೆತು ಮತ್ತೆ ನೆನಪಾಗಿ ಎಳೆದಾಗ ಅದು ಮುನಿಸಿಕೊಳ್ಳುವುದಿಲ್ಲ. ಒಂದು ಕಡ್ಡಿ ಗೀರಿದರೆ ಮತ್ತೆ ಹತ್ತುತ್ತದೆ, ಅದೇ ರುಚಿ ಕೊಡುತ್ತದೆ. ವರ್ಜೀನಿಯಾ ಹಾಗಲ್ಲ. ಅದು ಗಮನ ಕೇಳುತ್ತದೆ. ಗಡಿಬಿಡಿಯಲ್ಲಿ ಎಳೆದರೆ ಸಕ್ಕರೆ ಬಿಸಿಯಾಗಿ ಉರಿದು ನಾಲಿಗೆ ಚುರುಗುಟ್ಟುತ್ತದೆ. ಮಾರನೇ ದಿನ ಬಿಸಿ ಏನು ಕುಡಿದರೂ ಉರಿ. ನಿಧಾನಕ್ಕೆ, ಪೈಪು ಇನ್ನೇನು ಆರಿಹೋಗುತ್ತದೆ ಅನ್ನುವಷ್ಟು ಸಣ್ಣಗೆ ಎಳೆದರೆ ಮಾತ್ರ ಅದರ ಸಿಹಿ ತೆರೆದುಕೊಳ್ಳುತ್ತದೆ.

ಹಾಗಾಗಿ ನನ್ನ ಲೆಕ್ಕ ಇದು. ಕೈಗೆ ಕೆಲಸ ಇದ್ದರೆ ಬರ್ಲಿ. ಕೈ ಖಾಲಿ ಇದ್ದು ಮನಸ್ಸೂ ಖಾಲಿ ಇದ್ದರೆ ವರ್ಜೀನಿಯಾ. ಬರ್ಲಿಗೆ ಹಳೆಯ ಉದಾಹರಣೆ ಪ್ರಿನ್ಸ್ ಆಲ್ಬರ್ಟ್. 1907ರಿಂದ ಇದೆ. ಸಣ್ಣಗೆ ತುಂಡರಿಸಿದ ಎಲೆ, ಬಿಚ್ಚಿ ತುಂಬಿದರೆ ಆಯಿತು. ವರ್ಜೀನಿಯಾದಲ್ಲಿ ಆರ್ಲಿಕ್ ಗೋಲ್ಡನ್ ಸ್ಲೈಸ್ಡ್ ಬೆಳಗಿನ ಬೆಳಕಿನ ಹಾಗಿರುವ ಹಗುರ ಫ್ಲೇಕ್, ಎಂದರೆ ಒತ್ತಿ ತೆಳ್ಳಗೆ ಹಾಳೆಯಾಗಿ ಕೊಯ್ದ ತಂಬಾಕು. ಸ್ಯಾಮ್ಯುಯೆಲ್ ಗಾವಿತ್ ಅವರ ಫುಲ್ ವರ್ಜೀನಿಯಾ ಫ್ಲೇಕ್ ಕಪ್ಪು, ಆಳ, ಸಂಜೆಗೆ ಸೇರಿದ್ದು.

ಒಂದು ವಿಷಯ ಗಮನದಲ್ಲಿರಲಿ. ರುಚಿಯಲ್ಲಿ ಬರ್ಲಿ ಸಾಧು ಅನ್ನಿಸಿದರೂ ನಿಕೋಟಿನ್‌ನಲ್ಲಿ ಹಾಗಿರಬೇಕು ಎಂದಿಲ್ಲ. ಅದರ ಹೊಗೆ ಕ್ಷಾರದ ಕಡೆಗಿರುತ್ತದೆ, ವರ್ಜೀನಿಯಾದ ಹೊಗೆ ಆಮ್ಲದ ಕಡೆಗೆ. ಕ್ಷಾರದ ಹೊಗೆಯಿಂದ ನಿಕೋಟಿನ್ ಬಾಯಿಯ ಚರ್ಮದ ಮೂಲಕ ಸುಲಭವಾಗಿ ಒಳಗಿಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಗಟ್ಟಿ ಬರ್ಲಿ ಬೇಡ.

ಮೂಗಿಗೆ ಒಂದು, ನಾಲಿಗೆಗೆ ಇನ್ನೊಂದು

ಹೊಸಬರು ಹೆಚ್ಚು ಎಡವುವುದು ಪರಿಮಳದ ಮಿಶ್ರಣಗಳಲ್ಲಿ. ಅರೊಮ್ಯಾಟಿಕ್ ಅಂತಾರಲ್ಲ, ಅವು. ಡಬ್ಬಿ ತೆರೆದರೆ ವೆನಿಲಾ, ಚೆರ್ರಿ, ರಮ್ ಘಮ್ ಎನ್ನುತ್ತದೆ. ಬಾಯಲ್ಲೂ ಹಾಗೇ ಇರುತ್ತದೆ ಎಂದುಕೊಂಡು ಹಚ್ಚಿದರೆ ನಾಲಿಗೆಗೆ ಬರುವುದು ಬಿಸಿ ಹಬೆ, ಅದರ ಹಿಂದೆ ತೆಳ್ಳಗೆ ಸಿಹಿ. ಆ ಪರಿಮಳ ಹೋದದ್ದು ಎಲ್ಲಿಗೆ? ಎದುರು ಕೂತವರ ಮೂಗಿಗೆ. ಸೇದುವವರಿಗಿಂತ ಪಕ್ಕದಲ್ಲಿರುವವರಿಗೆ ಇದರ ವಾಸನೆ ಚೆನ್ನಾಗಿ ಸಿಗುತ್ತದೆ.

ಇವುಗಳಲ್ಲಿ ಮುಖ್ಯವಾಗಿ ಇರುವುದು ಕ್ಯಾವೆಂಡಿಶ್. ಕ್ಯಾವೆಂಡಿಶ್ ಎಂಬ ಗಿಡ ಇಲ್ಲ. ಅದು ಎಲೆಯನ್ನು ಹದ ಮಾಡುವ ರೀತಿ. ವರ್ಜೀನಿಯಾ ಇಲ್ಲವೇ ಬರ್ಲಿ ಎಲೆಯನ್ನು ಆವಿಯಲ್ಲಿ ಬೇಯಿಸಿ, ಒತ್ತಿ, ಹಲವು ಸಲ ಸಿಹಿ ಉಣಿಸಿ ಕಪ್ಪಗೆ ಮಾಡುತ್ತಾರೆ. ಬರ್ಲಿಯಲ್ಲಿ ಸ್ವಂತ ಸಕ್ಕರೆ ಇಲ್ಲದ್ದರಿಂದ ಹಾಕಿದ್ದನ್ನೆಲ್ಲ ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ. ಒಣಗದಿರಲಿ ಎಂದು ಪ್ರೊಪಿಲೀನ್ ಗ್ಲೈಕಾಲ್ ಸೇರಿಸುವವರೂ ಇದ್ದಾರೆ. ಅದು ಜಾಸ್ತಿಯಾದರೆ ಎಷ್ಟು ಹೊತ್ತು ಹರಡಿಟ್ಟರೂ ತಂಬಾಕು ಅಂಟಂಟಾಗಿಯೇ ಉಳಿಯುತ್ತದೆ. ಪೈಪಿನ ತಳದಲ್ಲಿ ನೀರು ಗೊರಗೊರ ಅನ್ನುತ್ತದೆ.

ನನ್ನ ಮೊದಲ ಪ್ಯಾಕೆಟ್ಟೂ ಇಂಥದ್ದೇ. ಪರಿಮಳ ಸಿಗಲಿಲ್ಲವಲ್ಲ ಎಂದು ಜೋರಾಗಿ ಎಳೆದೆ. ಎಳೆದಷ್ಟೂ ಬಿಸಿ, ಬಿಸಿಯಾದಷ್ಟೂ ಕಹಿ. ಎರಡು ದಿನ ನಾಲಿಗೆಯ ತುದಿಗೆ ಊಟದ ರುಚಿಯೇ ಹತ್ತಲಿಲ್ಲ. ಪೈಪೇ ನನಗೆ ಆಗಿಬರುವುದಿಲ್ಲ ಎಂದುಕೊಂಡು ಆರು ತಿಂಗಳು ಮುಟ್ಟಲಿಲ್ಲ.

ಹಾಗಂತ ಇವನ್ನು ಕೀಳಾಗಿ ನೋಡುವವರ ಜೊತೆ ನಾನಿಲ್ಲ. ಬಯಲಲ್ಲಿ ನಾಲ್ಕು ಜನರ ನಡುವೆ ಹಚ್ಚುವುದಾದರೆ ಇದೇ ಸರಿ. ಹೊಗೆ ಯಾವುದಾದರೂ ಅವರಿಗೆ ಒಳ್ಳೆಯದಲ್ಲ, ಅದು ಬೇರೆ ಮಾತು, ಅದಕ್ಕೇ ಕೇಳಿಯೇ ಹಚ್ಚಬೇಕು. ಆದರೆ ಘಾಟು ಹೊಡೆಯುವ ಮಿಶ್ರಣಕ್ಕಿಂತ ಇದು ಎಷ್ಟೋ ವಾಸಿ. ಲೇನ್ ಅವರ ಒನ್-ಕ್ಯೂ, ಕ್ಯಾಪ್ಟನ್ ಬ್ಲ್ಯಾಕ್ ಈ ಬಳಗದವು. ಪರಿಮಳವೂ ಬೇಕು, ತಂಬಾಕಿನ ರುಚಿಯೂ ಬೇಕು ಅನ್ನುವವರಿಗೆ ಡೆನ್ಮಾರ್ಕಿನ ಮ್ಯಾಕ್ ಬ್ಯಾರನ್ ಮಿಕ್ಸ್ಚರ್ ನಡುದಾರಿ. ಸಿಹಿ ಇದೆ, ಅದರಡಿಯಲ್ಲಿ ಎಲೆಯೂ ಇದೆ.

ಇಂಗ್ಲೆಂಡಿನ ಲೇಕ್‌ಲ್ಯಾಂಡ್ ಕಡೆಯ ಹೂವಿನ ಪರಿಮಳದ ತಂಬಾಕುಗಳದು ಬೇರೆಯೇ ದಾರಿ. ಸೋಪಿನ ನೆನಪು ತರುತ್ತವೆ. ಪ್ರೀತಿಸುವವರು ಬಹಳ ಪ್ರೀತಿಸುತ್ತಾರೆ. ನನಗೆ ಹಿಡಿಸಲಿಲ್ಲ, ಅಷ್ಟೇ ಹೇಳಬಲ್ಲೆ.

ರಾತ್ರಿಯ ಲಟಾಕಿಯಾ

ಮೊದಲ ಸಲ ಲಟಾಕಿಯಾ ಇರುವ ಡಬ್ಬಿ ತೆರೆದದ್ದು ಚೆನ್ನಾಗಿ ನೆನಪಿದೆ. ಮುಚ್ಚಳದ ಅಂಚಿಗೆ ನಾಣ್ಯ ಕೊಟ್ಟು ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ಹೋಯಿತು. ಮೇಲಿನ ಬಿಳಿ ಕಾಗದ ಬಿಡಿಸಿದರೆ ಕಪ್ಪು ಚೂರುಗಳ ನಡುವೆ ಅಲ್ಲಲ್ಲಿ ಕಂದು, ಹಳದಿ ಎಳೆಗಳು. ಮೂಗಿಗೆ ಬಂದದ್ದು ಸೌದೆ ಹೊಗೆ, ಹಳೆಯ ಚರ್ಮದ ಚೀಲ, ಟಾರು. ಒಳಗಿದ್ದ ನನ್ನವಳು ಹೊರಗೆ ಬಂದು, "ಏನ್ರೀ ಅದು, ಏನೋ ಸುಡ್ತಾ ಇದೆಯಲ್ಲ?" ಅಂದಳು. ನಾನಿನ್ನೂ ಕಡ್ಡಿ ಗೀರಿರಲಿಲ್ಲ.

ಸಿರಿಯಾದ ಬಂದರು ಪಟ್ಟಣ ಲಟಾಕಿಯಾದಿಂದ ಈ ಹೆಸರು ಬಂತು. ಬಿಸಿಲಲ್ಲಿ ಒಣಗಿಸಿದ ಸಣ್ಣೆಲೆಯ ತಂಬಾಕನ್ನು ಕಟ್ಟಿಗೆ, ಪೊದೆ, ಗಿಡಮೂಲಿಕೆಗಳ ಹೊಗೆಯಲ್ಲಿ ಬಹಳ ದಿನ ತೂಗುಹಾಕಿ ಕಪ್ಪು ಮಾಡುತ್ತಾರೆ. ಇಂದು ಡಬ್ಬಿಗಳಲ್ಲಿ ಸಿಗುವುದು ಬಹುತೇಕ ಸೈಪ್ರಸ್ ಬಗೆಯದು. ಅದರ ಹೊಗೆಗೆ ಮುಖ್ಯವಾಗಿ ಮಸ್ತಕಿ ಪೊದೆ ಬಳಸುವುದು ವಾಡಿಕೆ. ಸಿರಿಯಾದ ಎಲೆ ಈಗ ಅಪರೂಪ.

ವಾಸನೆ ಎಷ್ಟು ಗಡುಸೋ ಲಟಾಕಿಯಾ ಬಾಯಿಗೆ ಅಷ್ಟೇ ಮೃದು. ತಣ್ಣಗೆ ಉರಿಯುತ್ತದೆ. ನಾಲಿಗೆಯನ್ನು ಸುಡುವುದು ಅಪರೂಪ. ನಿಕೋಟಿನ್ನೂ ಅಂಥಾ ಹೆಚ್ಚಲ್ಲ. ಹೆಸರಿಗೆ ಹೆದರಿ ದೂರ ಇದ್ದವರು ಒಮ್ಮೆ ಸೇದಿದ ಮೇಲೆ ಆಶ್ಚರ್ಯಪಡುವುದು ಇದಕ್ಕೇ. ವರ್ಜೀನಿಯಾಕ್ಕೆ ಸಿಕ್ಕಿ ನಾಲಿಗೆ ಸುಟ್ಟುಕೊಂಡವರಿಗೆ ನಾನು ಮೊದಲು ಇಂಥದ್ದೊಂದನ್ನು ಹೇಳುತ್ತೇನೆ.

ವರ್ಜೀನಿಯಾ, ಲಟಾಕಿಯಾ, ಜೊತೆಗೆ ಟರ್ಕಿ ಮತ್ತು ಗ್ರೀಸ್ ಕಡೆಯ ಓರಿಯೆಂಟಲ್ ಎಲೆ ಕೂಡಿದರೆ ಅದು ಇಂಗ್ಲಿಷ್ ಮಿಶ್ರಣ. ಓರಿಯೆಂಟಲ್ ಎಲೆಯ ಕೈ ಮೇಲಾದರೆ ಬಾಲ್ಕನ್ ಅನ್ನುತ್ತಾರೆ. ಈ ಗೆರೆ ಅಷ್ಟು ಖಡಕ್ಕಾಗಿಲ್ಲ, ಅದರ ಮೇಲೆ ವಾದ ಮಾಡುವುದರಲ್ಲಿ ಅರ್ಥವಿಲ್ಲ. ಇಜ್ಮಿರ್, ಸಾಮ್ಸುನ್, ಬಾಸ್ಮಾ ಎಂಬ ಆ ಓರಿಯೆಂಟಲ್ ಎಲೆಗಳು ಅಂಗೈಗಿಂತ ಚಿಕ್ಕವು. ಒಣ ಮೂಲಿಕೆಯ, ಸ್ವಲ್ಪ ಹುಳಿಯ ರುಚಿ. ಲಟಾಕಿಯಾದ ಹೊಗೆಗೂ ವರ್ಜೀನಿಯಾದ ಸಿಹಿಗೂ ನಡುವೆ ಸೇತುವೆ ಕಟ್ಟುವುದು ಇವೇ.

ಹೋಲಿಸಿ ನೋಡಲು ಎರಡು ಹೆಸರು ಸಾಕು: ಅರ್ಲಿ ಮಾರ್ನಿಂಗ್ ಪೈಪ್ ಮತ್ತು ನೈಟ್‌ಕ್ಯಾಪ್. ಎರಡೂ ಮೊದಲು ಡನ್‌ಹಿಲ್ ಹೆಸರಿನಲ್ಲಿದ್ದವು. 2018ರಲ್ಲಿ ಆ ಹೆಸರಿನ ಪೈಪ್ ತಂಬಾಕು ನಿಂತಿತು. ಆಮೇಲೆ ಪೀಟರ್ಸನ್ ಹೆಸರಿನಲ್ಲಿ ಮತ್ತೆ ಬಂದವು. ಎರಡೂ ಇಂಗ್ಲಿಷ್ ಬಳಗದವೇ, ಹೆಸರಲ್ಲೇ ಹೊತ್ತು ಬರೆದಿದೆ. ಮೊದಲನೆಯದರಲ್ಲಿ ಲಟಾಕಿಯಾ ಹದವಾಗಿದೆ, ವರ್ಜೀನಿಯಾ ಮತ್ತು ಓರಿಯೆಂಟಲ್ ಎದ್ದು ಕಾಣುತ್ತವೆ. ಎರಡನೆಯದು ಲಟಾಕಿಯಾದಿಂದ ತುಂಬಿದ್ದು, ಮೇಲೆ ಪೆರಿಕ್ ಎಂಬ ಹುಳಿಸಿದ ಖಾರದ ಎಲೆ ಬೇರೆ. ಅದನ್ನು ಬೆಳಿಗ್ಗೆ ಸೇದಿ ನೋಡಿದ್ದೇನೆ. ಮಧ್ಯಾಹ್ನದವರೆಗೆ ಬಾಯಲ್ಲಿ ಅದೇ ಹೊಗೆ, ಊಟವೂ ರುಚಿಸಲಿಲ್ಲ. ಅದೇ ಡಬ್ಬಿ ರಾತ್ರಿ ಎಷ್ಟು ಚೆನ್ನಾಗಿತ್ತು ಅಂದರೆ, ಬೆಳಿಗ್ಗೆ ಸೇದಿದ್ದು ಇದೇನಾ ಅನ್ನಿಸಿತು.

ಲಟಾಕಿಯಾದ ಕಷ್ಟ ಒಂದೇ, ವಾಸನೆ. ಪರದೆ, ಬಟ್ಟೆ, ಗಡ್ಡ ಎಲ್ಲಕ್ಕೂ ಹತ್ತುತ್ತದೆ. ಮನೆಯವರು ಬೇಡ ಅಂದರೆ ಬೇಡ, ಅದರಲ್ಲಿ ಚರ್ಚೆಯಿಲ್ಲ. ಮನೆಯಲ್ಲಿ ಹಾಗಂದ ದಿನದಿಂದ ನಾನು ಇದನ್ನು ಬಯಲಲ್ಲಿ, ರಾತ್ರಿ, ಒಬ್ಬನೇ ಇರುವಾಗ ಮಾತ್ರ ಹಚ್ಚುತ್ತೇನೆ.

ಚಿಟಿಕೆ ಪೆರಿಕ್

ಪೆರಿಕ್ ಬರುವುದು ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್ ಎಂಬ ಸಣ್ಣ ಜಾಗದಿಂದ. ಎಲೆಯನ್ನು ಪೀಪಾಯಿಗೆ ತುಂಬಿ ತಿರುಪು ಜಾಕ್‌ನಿಂದ ಅದುಮಿ, ತನ್ನ ರಸದಲ್ಲೇ ತಿಂಗಳುಗಟ್ಟಲೆ ಹುಳಿಯಲು ಬಿಡುತ್ತಾರೆ. ನಡುನಡುವೆ ಹೊರಗೆ ತೆಗೆದು ಗಾಳಿ ಆಡಿಸಿ ಮತ್ತೆ ಅದುಮುತ್ತಾರೆ. ಕೊನೆಗೆ ಸಿಗುವುದು ಕರಿಮೆಣಸಿನ ಖಾರ ಮತ್ತು ಕಳಿತ ಹಣ್ಣಿನ ವಾಸನೆಯ ಕಪ್ಪು ಎಲೆ. ಬರೀ ಅದನ್ನೇ ಸೇದುವವರು ಕಡಿಮೆ. ಮಿಶ್ರಣಕ್ಕೆ ಚೂರು ಸೇರಿಸುತ್ತಾರೆ.

ವರ್ಜೀನಿಯಾದ ಜೊತೆ ಇದು ಸೇರಿದರೆ ಎರಡೂ ಬೆಳೆಯುತ್ತವೆ. ಬರೀ ವರ್ಜೀನಿಯಾ ತೆಳುವಾಯಿತು, ಲಟಾಕಿಯಾ ಜಾಸ್ತಿಯಾಯಿತು ಅನ್ನುವವರಿಗೆ ಈ ಜೋಡಿ ಹೇಳಿ ಮಾಡಿಸಿದ್ದು. ಎಸ್ಕುಡೋ ಇದರ ಪ್ರಸಿದ್ಧ ಉದಾಹರಣೆ. ಎಲೆಗಳನ್ನು ಹಗ್ಗದ ಹಾಗೆ ಸುತ್ತಿ, ಒತ್ತಿ, ಅಡ್ಡಕ್ಕೆ ಕೊಯ್ದ ಬಿಲ್ಲೆಗಳು ಡಬ್ಬಿಯಲ್ಲಿ ಸಾಲಾಗಿ ಕೂತಿರುತ್ತವೆ.  ಮೂಗಿನ ಮೂಲಕ ಸ್ವಲ್ಪ ಹೊಗೆ ಬಿಟ್ಟರೆ ಮೆಣಸು ಕುಟುಕುತ್ತದೆ. ಸಂಜೆ, ಬೆಳಕು ಇಳಿಯುವ ಹೊತ್ತು, ಇನ್ನೂ ಊಟ ಆಗಿಲ್ಲ ಆದರೆ ಹೊಟ್ಟೆ ಖಾಲಿಯೂ ಇಲ್ಲ. ನನ್ನ ದಿನದ ಒಂದು ಪೈಪು ಬಹಳ ಸಲ ಆಗ, ಇದೇ.

ಹಗ್ಗದ ತಂಬಾಕು ಎಂಬುದೂ ಇದೆ, ಹೊಸೆದು ಮಾರುವ ಕಪ್ಪು ಎಲೆ. ಅದರ ಒಂದು ತುಂಡನ್ನು ಖಾಲಿ ಹೊಟ್ಟೆಯಲ್ಲಿ ಸೇದಿ, ಹತ್ತು ನಿಮಿಷಕ್ಕೆ ಬೆವರು, ಬಿಕ್ಕಳಿಕೆ, ತಲೆಸುತ್ತು ಬಂದು ಗೋಡೆ ಹಿಡಿದು ಕೂತಿದ್ದೇನೆ. ಹಾಗಾದರೆ ತಕ್ಷಣ ಪೈಪು ಕೆಳಗಿಡಿ, ಕೂತುಕೊಳ್ಳಿ, ನೀರು ಕುಡಿಯಿರಿ, ಏನಾದರೂ ಸಿಹಿ ತಿನ್ನಿ. ದಿನನಿತ್ಯಕ್ಕೆ ಹಗ್ಗದ ತಂಬಾಕು ಬೇಡ ಅನ್ನುವುದು ನನ್ನ ಮಾತು.

ಕೊಯ್ದ ಬಗೆ, ಮತ್ತು ಹದ

ಒಂದೇ ಎಲೆ ಬೇರೆ ಬೇರೆ ರೀತಿ ಕೊಯ್ದರೆ ಬೇರೆಯದೇ ತಂಬಾಕಾಗುತ್ತದೆ. ಎಳೆಎಳೆಯಾಗಿ ಕೊಯ್ದ ರಿಬ್ಬನ್ ತುಂಬಲು ಸುಲಭ, ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಗಡಿಯಾರ ನೋಡಿಕೊಂಡು ಸೇದುವವರಿಗೆ ಸರಿ. ಫ್ಲೇಕ್ ಎಂದರೆ ಎಲೆಗಳನ್ನು ಹಲಗೆಯ ಹಾಗೆ ಒತ್ತಿ, ತೆಳ್ಳಗೆ ಹಾಳೆ ಹಾಳೆಯಾಗಿ ಕೊಯ್ದದ್ದು. ನಿಧಾನಕ್ಕೆ, ತಣ್ಣಗೆ ಉರಿಯುತ್ತದೆ. ಆದರೆ ಹಚ್ಚುವ ಮುಂಚೆ ಅದಕ್ಕೆ ಸಮಯ ಕೊಡಬೇಕು. ಪ್ಲಗ್ ಕೊಯ್ಯದೇ ಬಿಟ್ಟ ಗಟ್ಟಿ ಇಟ್ಟಿಗೆ, ಚಾಕು ಬೇಕು. ರಜಾದಿನಕ್ಕೆ ಬಿಡಿ.

ಫ್ಲೇಕ್ ಬಿಡಿಸುವುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಒಂದು ಹಾಳೆಯನ್ನು ಅಂಗೈ ಮೇಲೆ ಇಡಿ. ಇನ್ನೊಂದು ಅಂಗೈಯಿಂದ ಮೆಲ್ಲಗೆ ಉಜ್ಜಿ, ಚಳಿಗೆ ಕೈ ಉಜ್ಜಿದ ಹಾಗೆ, ಅದಕ್ಕಿಂತ ನಿಧಾನಕ್ಕೆ. ಮೊದಲು ಅಂಚು ಬಿಚ್ಚುತ್ತದೆ, ಆಮೇಲೆ ಉದ್ದುದ್ದ ಎಳೆ, ಕೊನೆಗೆ ಪುಡಿಯಲ್ಲದ, ಗಂಟಲ್ಲದ ಒಂದು ಹಿಡಿ. ಪೂರ್ತಿ ಬಿಡಿಸಿದರೆ ಸುಲಭವಾಗಿ ಹತ್ತುತ್ತದೆ. ಅರ್ಧ ಬಿಡಿಸಿದರೆ ರುಚಿ ಗಟ್ಟಿ, ಆದರೆ ಕಡ್ಡಿ ಜಾಸ್ತಿ ಬೇಕು. ಹಾಳೆಯನ್ನು ಹಾಗೇ ಮಡಚಿ ತುರುಕುವವರೂ ಇದ್ದಾರೆ. ಅದು ಕೈ ಪಳಗಿದ ಮೇಲೆ.

ಬಿಡಿಸಿದ್ದನ್ನು ತಕ್ಷಣ ತುಂಬಬೇಡಿ. ಒಂದು ಕಾಗದದ ಮೇಲೆ ಹರಡಿಡಿ. ಡಬ್ಬಿಯಿಂದ ಬರುವ ತಂಬಾಕಿನಲ್ಲಿ ಸೇದುವುದಕ್ಕೆ ಬೇಕಾದ್ದಕ್ಕಿಂತ ತೇವ ಹೆಚ್ಚಿರುವುದೇ ಜಾಸ್ತಿ. ಫುಲ್ ವರ್ಜೀನಿಯಾ ಫ್ಲೇಕ್‌ನಂಥದ್ದಕ್ಕೆ ಒಂದು ಗಂಟೆಯಾದರೂ ಬೇಕು. ರಿಬ್ಬನ್‌ಗೆ ಹತ್ತಿಪ್ಪತ್ತು ನಿಮಿಷ ಸಾಕು. ಹವೆ ತೇವ ಇದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ. ಪರೀಕ್ಷೆ ಬೆರಳಲ್ಲೇ ಇದೆ. ಒಂದು ಚಿಟಿಕೆ ಹಿಡಿದು ಒತ್ತಿ ಬಿಡಿ. ಒತ್ತಿದಂತೆ ಮುದ್ದೆಯಾಗಿ ಉಳಿದರೆ ಇನ್ನೂ ಒದ್ದೆ. ಚೂರಾಗಿ ಉದುರಿದರೆ ಅತಿ ಒಣ. ಮೆಲ್ಲಗೆ ಬಿಚ್ಚಿಕೊಂಡರೆ ಹದ ಬಂತು. ತೇವ ಹೆಚ್ಚಾದರೆ ಅದೆಲ್ಲ ಆವಿಯಾಗಿ ನಾಲಿಗೆಗೆ ಬಡಿಯುತ್ತದೆ. ತಂಬಾಕು ಕೆಟ್ಟದ್ದು ಎಂದು ದೂರುವವರಲ್ಲಿ ಅರ್ಧ ಜನ ಒದ್ದೆ ತಂಬಾಕು ಸೇದಿರುತ್ತಾರೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಒಂದು ಮಿಶ್ರಣ ಬೇಡ ಎಂದು ತೀರ್ಮಾನಿಸುವ ಮೊದಲು ಅದನ್ನು ಒಣಗಿಸಿ ಮೂರು ಸಲವಾದರೂ ನೋಡಿ, ಮೂರೂ ಬೇರೆ ಬೇರೆ ಹೊತ್ತಿನಲ್ಲಿ.

ತುಂಬುವುದು ಕೆಳಗೆ ಸಡಿಲ, ಮೇಲೆ ಬಿಗಿ. ಉರಿಸದೆ ಒಮ್ಮೆ ಎಳೆದು ನೋಡಿ. ಸ್ವಲ್ಪವೇ ತಡೆ ಸಿಗಬೇಕು. ಉಸಿರು ಕಟ್ಟುವಂತಿದ್ದರೆ ತೆಗೆದು ಮತ್ತೆ ತುಂಬಿ. ಮೊದಲ ಕಡ್ಡಿಗೆ ಎಲೆ ಉಬ್ಬಿ ಮೇಲೇಳುತ್ತದೆ. ತಂಬಾಕು ಅದುಮುವ ಟ್ಯಾಂಪರ್‌ನಿಂದ ಮೆಲ್ಲಗೆ ಕೂರಿಸಿ ಎರಡನೇ ಕಡ್ಡಿ ಕೊಡಿ. ಆರಿದರೆ ಬೇಜಾರು ಬೇಡ, ಪೈಪು ಆರುವುದೇ ಅದರ ಸ್ವಭಾವ.

ಪೈಪಿನ ಪಾಲು

ಒಂದೇ ಪೈಪಿನಲ್ಲಿ ಇಂದು ಲಟಾಕಿಯಾ, ನಾಳೆ ವರ್ಜೀನಿಯಾ ಸೇದಿದರೆ ನಾಳೆಯದರಲ್ಲೂ ಲಟಾಕಿಯಾ ಬರುತ್ತದೆ. ಪೈಪು ಮಾಡುವ ಬ್ರಯರ್ ಮರ ಹಳೆಯದನ್ನು ಬೇಗ ಮರೆಯುವುದಿಲ್ಲ. ಪರಿಮಳದವೂ ಹಾಗೇ. ಅದಕ್ಕೆ ಪೈಪುಗಳನ್ನು ಹಂಚಿಬಿಡುವುದು ಲೇಸು: ವರ್ಜೀನಿಯಾ ಮತ್ತು ಪೆರಿಕ್‌ಗೆ ಒಂದು, ಲಟಾಕಿಯಾಕ್ಕೆ ಒಂದು, ಪರಿಮಳಕ್ಕೆ ಇನ್ನೊಂದು. ವರ್ಜೀನಿಯಾಕ್ಕೆ ಕಿರಿದಾದ ಬೌಲ್, ಅಂದರೆ ತಂಬಾಕು ತುಂಬುವ ಬಟ್ಟಲು, ಹೊಂದುತ್ತದೆ. ಇಂಗ್ಲಿಷ್ ಮಿಶ್ರಣಕ್ಕೆ ಅಗಲದ್ದು, ಹಲವು ಎಲೆಗಳು ಒಟ್ಟಿಗೆ ಉರಿದಾಗಲೇ ಅದರ ರುಚಿ. ಮಿಶ್ರಣ ಪರೀಕ್ಷಿಸಲು ಜೋಳದ ದಿಂಡಿನ ಪೈಪಿಗಿಂತ ಒಳ್ಳೆಯದಿಲ್ಲ. ಅಮೆರಿಕದ ಮಿಸೌರಿಯ ವಾಷಿಂಗ್ಟನ್ ಊರಿನಲ್ಲಿ 1869ರಿಂದ ಇವು ತಯಾರಾಗುತ್ತಿವೆ. ಹಗುರ, ತೇವ ಹೀರುತ್ತವೆ, ಬ್ರಯರ್‌ನಂತೆ ಪಳಗಿಸುವ ಗೋಜಿಲ್ಲ. ಯಾವ ಪೈಪಾದರೂ ಸೇದಿ ಮುಗಿಸಿದ ಮೇಲೆ ಕ್ಲೀನರ್ ತೂರಿಸಿ ಒಂದು ದಿನವಾದರೂ ಒಣಗಲು ಬಿಡಿ.

ಎಷ್ಟು ಕೊಳ್ಳಬೇಕು, ಹೇಗೆ ಇಡಬೇಕು

ಸಾಮಾನ್ಯ ಬೌಲಿಗೆ ಎರಡು ಮೂರು ಗ್ರಾಂ ಹಿಡಿಯುತ್ತದೆ. 50 ಗ್ರಾಂ ಡಬ್ಬಿ ಎಂದರೆ ಸುಮಾರು ಇಪ್ಪತ್ತು ಸಲ. ದಿನಕ್ಕೊಂದರಂತೆ ಸೇದುವವರಿಗೆ ಎರಡು ಡಬ್ಬಿ ತೆರೆದಿದ್ದರೆ ಸಾಕು, ಕೆಲಸದ ಹೊತ್ತಿಗೊಂದು, ಬಿಡುವಿನ ಹೊತ್ತಿಗೊಂದು. ಏಳೆಂಟು ತೆರೆದಿಟ್ಟರೆ ಎಲ್ಲವೂ ಒಣಗುತ್ತವೆ, ಯಾವುದರ ರುಚಿಯೂ ನೆನಪಲ್ಲಿ ನಿಲ್ಲುವುದಿಲ್ಲ.

ನಾನು ಮೊದಲಿಂದ ಶುರು ಮಾಡುವುದಾದರೆ ತೆರೆಯುವ ಎರಡು ಡಬ್ಬಿ ಹೀಗಿರುತ್ತವೆ. ಹಗಲಿಗೆ ಒಂದು ಸಾದಾ ಬರ್ಲಿ, ಪರಿಮಳ ಹೆಚ್ಚು ಇಲ್ಲದ್ದು. ರಾತ್ರಿಗೆ ಹಗುರವಾದ ಇಂಗ್ಲಿಷ್ ಮಿಶ್ರಣ. ಎರಡೂ ನಾಲಿಗೆಗೆ ಕರುಣೆ ತೋರಿಸುತ್ತವೆ. ನಿಧಾನಕ್ಕೆ ಎಳೆಯುವುದು ಅಭ್ಯಾಸವಾದ ಮೇಲೆ ವರ್ಜೀನಿಯಾ ಫ್ಲೇಕ್. ಅದು ಹಿಡಿಸಿದರೆ ಪೆರಿಕ್ ಸೇರಿದ್ದು. ಮನೆಯ ಹತ್ತಿರ ಘಾಟು ಬೇಡವೇ ಬೇಡ ಅಂದರೆ ಇಂಗ್ಲಿಷ್ ಜಾಗದಲ್ಲಿ ಒಂದು ಹದವಾದ ಪರಿಮಳದ್ದು. ಆದರೆ ಅದನ್ನು ಪರಿಮಳ ಹುಡುಕಿಕೊಂಡು ಜೋರಾಗಿ ಎಳೆಯಬೇಡಿ. ನನ್ನ ಆರು ತಿಂಗಳು ಹೋದದ್ದು ಹಾಗೆಯೇ.

ಉಳಿದದ್ದನ್ನು ರಬ್ಬರ್ ಬಿರಡೆಯ ಗಾಜಿನ ಜಾಡಿಯಲ್ಲಿ ಹಾಕಿ, ಕತ್ತಲಲ್ಲಿ, ಬಿಸಿಯಿಲ್ಲದ ಕಡೆ ಇಡಿ. ಫ್ರಿಜ್ ಬೇಡ. ಇಡುವುದರಲ್ಲೂ ಮಿಶ್ರಣಗಳ ವ್ಯತ್ಯಾಸ ಇದೆ. ವರ್ಜೀನಿಯಾದಲ್ಲಿ ಸಕ್ಕರೆ ಇರುವುದರಿಂದ ವರ್ಷ ಕಳೆದಂತೆ ಮಾಗುತ್ತದೆ, ಹಳದಿ ಕಂದಾಗುತ್ತದೆ, ಚುರುಕು ಹೋಗಿ ಹಣ್ಣಿನ ಸಿಹಿ ಬರುತ್ತದೆ. ಪೆರಿಕ್ ಸೇರಿದ್ದು ಇನ್ನೂ ಚೆನ್ನಾಗುತ್ತದೆ. ಲಟಾಕಿಯಾ ವರ್ಷಗಳಲ್ಲಿ ಮೆತ್ತಗಾಗುತ್ತಾ ಹೋಗುತ್ತದೆ, ಹೊಗೆಯ ಗತ್ತು ಬೇಕಿದ್ದವರು ಬೇಗ ಸೇದಿ ಮುಗಿಸಬೇಕು. ಪರಿಮಳದವುಗಳಲ್ಲಿ ಕಾದು ಸಿಗುವುದು ಏನೂ ಇಲ್ಲ.

ಜಾಡಿಯ ಮೇಲೆ ಹೆಸರು, ತಿಂಗಳು, ವರ್ಷ ಬರೆಯುವುದನ್ನು ಮರೆಯಬೇಡಿ. ನನ್ನ ಬೀರುವಿನಲ್ಲಿ ಐದು ವರ್ಷದ ಹಿಂದಿನ ಒಂದು ಫ್ಲೇಕ್ ಇದೆ. ಹಾಳೆಗಳ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ ಹೊಳೆಯುತ್ತವೆ. ಮೊದಲ ಸಲ ನೋಡಿದಾಗ ಬೂಸ್ಟು ಹಿಡಿಯಿತೆಂದು ಎದೆ ಧಸಕ್ ಎಂದಿತ್ತು. ಬೂಸ್ಟಾದರೆ ನವಿರಾದ ಕೂದಲಿನಂತೆ ಇರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಅಂಥದ್ದನ್ನು ಹಿಂದೆಮುಂದೆ ನೋಡದೆ ಎಸೆಯಬೇಕು. ಇದು ಹರಳಿನಂತೆ ಮಿನುಗುತ್ತದೆ, ವಾಸನೆ ಸಿಹಿ. ಈ ಜಾಡಿಯನ್ನು ಮುಂದಿನ ರಜೆಯ ಬೆಳಿಗ್ಗೆ ತೆರೆಯಬೇಕು ಎಂದುಕೊಂಡಿದ್ದೇನೆ.